ಬ್ಲೋವರ್ ಸದ್ದು ಇಳಿಯಿತು, ಪಕ್ಕದ ಮನೆಯ ಮಂಚ ನಡುಗತೊಡಗಿತು

ಬೆಂಗಳೂರಿನ ಬಡಾವಣೆಗಳಲ್ಲಿ ಹೋಟೆಲಿಗೂ ಪಕ್ಕದ ಮನೆಗೂ ಶಬ್ದದ ಜಗಳ ಹತ್ತಿದರೆ ಎರಡೂ ಕಡೆಯವರು ಮೊದಲು ತೆಗೆಯುವುದು ಮೊಬೈಲ್ ಆ್ಯಪ್. 58 ಡೆಸಿಬೆಲ್ ಎಂದು ತೋರಿಸಿತು, ಸರಿ. ಅದನ್ನು ಯಾವ ಸಂಖ್ಯೆಗೆ ಹೋಲಿಸಬೇಕು?

2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ವಾಣಿಜ್ಯಕ್ಕೆ 65 ಮತ್ತು 55. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಬೀದಿಗೆ ಇದರಲ್ಲಿ ಯಾವ ಮಿತಿ? ಇಂಥ ಮಿಶ್ರ ಪ್ರದೇಶವನ್ನು ನಿಯಮದಲ್ಲಿ ಕೊಟ್ಟಿರುವ ನಾಲ್ಕು ವರ್ಗಗಳಲ್ಲಿ (ಕೈಗಾರಿಕೆ, ವಾಣಿಜ್ಯ, ವಸತಿ, ನಿಶ್ಶಬ್ದ ವಲಯ) ಒಂದೆಂದು ಸಕ್ಷಮ ಪ್ರಾಧಿಕಾರ ಘೋಷಿಸಬಹುದು, ಅಷ್ಟೇ. ಘೋಷಣೆ ಆಗದ ಕಡೆ ಮಾಲೀಕ 65 ಎನ್ನುತ್ತಾನೆ, ನೆರೆಯವರು 55 ಎನ್ನುತ್ತಾರೆ. ಹಾಗಾಗಿ ಮೀಟರ್ ಹೊರತೆಗೆಯುವ ಮೊದಲು ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಆ ಸೈಟಿನ ಭೂಬಳಕೆ ಏನಿದೆ ಎಂದು ನೋಡಿ. ಟ್ರೇಡ್ ಲೈಸೆನ್ಸ್ ತೋರಿಸಿದರೆ ಸಾಲದು; ಅದು ವ್ಯಾಪಾರಕ್ಕೆ ಕೊಟ್ಟ ಅನುಮತಿ, ಜಾಗದ ವರ್ಗವನ್ನು ಬದಲಿಸುವ ಕಾಗದವಲ್ಲ.

ಇನ್ನೊಂದು ವಿಷಯ ಬಹಳ ಜನರ ಕಣ್ಣು ತಪ್ಪುತ್ತದೆ. ಹಗಲಿನ ಸದ್ದಿನ ಬಗ್ಗೆ ದೂರು ಕೊಡಲು ಮಿತಿಗಿಂತ 10 ಡೆಸಿಬೆಲ್ ಅಥವಾ ಹೆಚ್ಚು ಮೀರಿರಬೇಕು. ವಸತಿ ಪ್ರದೇಶದಲ್ಲಿ 58 ಬಂತೆಂದು ಓಡಿದರೆ ಅರ್ಜಿ ನಿಲ್ಲುವುದು ಕಷ್ಟ.

ಅಳತೆಯಲ್ಲಿ ಹೆಚ್ಚು ಕೆಡುವುದು ಹಿನ್ನೆಲೆ ಸದ್ದು. ಹೋಟೆಲಿನ ಯಂತ್ರ ಆನ್ ಇದ್ದಾಗ ಒಮ್ಮೆ, ಆಫ್ ಇದ್ದಾಗ ಒಮ್ಮೆ ಅಳೆಯಲೇಬೇಕು. ಎರಡರ ಅಂತರ 10 ಡೆಸಿಬೆಲ್ ದಾಟಿದ್ದರೆ ಓದಿದ ಸಂಖ್ಯೆಯನ್ನು ಹಾಗೇ ಬರೆದುಕೊಳ್ಳಿ. 3ಕ್ಕಿಂತ ಕಡಿಮೆಯಿದ್ದರೆ ನೀವು ಅಳೆದದ್ದು ಹೋಟೆಲನ್ನಲ್ಲ, ರಸ್ತೆಯನ್ನು. ಮೀಟರನ್ನು 94 ಡೆಸಿಬೆಲ್‌ನ ನಿಗದಿತ ಸದ್ದು ಹೊರಡಿಸುವ ಕ್ಯಾಲಿಬ್ರೇಟರ್‌ನಿಂದ ಮೊದಲೂ ಕೊನೆಗೂ ಪರೀಕ್ಷಿಸಿ, ನೆಲದಿಂದ 1.2ರಿಂದ 1.5 ಮೀಟರ್ ಎತ್ತರದಲ್ಲಿ, ಗೋಡೆಯಿಂದ ದೂರ ಹಿಡಿಯಿರಿ.

ಇಷ್ಟೆಲ್ಲ ಮಾಡಿ ರಾತ್ರಿ 44 ಬಂತು, ಕಾನೂನು ಪ್ರಕಾರ ಎಲ್ಲ ಸರಿ. ಆದರೂ ಪಕ್ಕದ ಮನೆಯಾಕೆಗೆ ನಿದ್ದೆಯಿಲ್ಲ. ಆಕೆ ಸುಳ್ಳು ಹೇಳುತ್ತಿಲ್ಲ. ನಿಯಮ ಕೇಳುವ ಎ-ತೂಕದ ಅಳತೆ, ಅಂದರೆ ಕಿವಿಗೆ ಮಂದವಾಗಿ ಕೇಳುವ ತಗ್ಗು ಸ್ವರಗಳನ್ನು ಕಡಿಮೆ ಎಣಿಸುವ ಅಳತೆ, 63 ಹರ್ಟ್ಜ್‌ನ ಗುಂಯ್‌ಗುಡುವಿಕೆಯಲ್ಲಿ ಸುಮಾರು 26 ಡೆಸಿಬೆಲ್ ಕಳೆದುಬಿಡುತ್ತದೆ. ಅಲ್ಲಿ ನಿಜಕ್ಕೂ 70 ಇದ್ದರೂ ಮೀಟರ್ ತೋರಿಸುವುದು 44. ಅದೇ ಮೀಟರನ್ನು ತಗ್ಗು ಸ್ವರಗಳನ್ನು ಹೆಚ್ಚು ಕಳೆಯದ ಸಿ-ತೂಕಕ್ಕೆ ತಿರುಗಿಸಿ. ಎರಡರ ನಡುವೆ 15–20 ವ್ಯತ್ಯಾಸ ಕಂಡರೆ ದೋಷ ಗಾಳಿಯಲ್ಲಿ ಬರುವ ಸದ್ದಿನದಲ್ಲದೆ ಸ್ಲ್ಯಾಬಿನ ಮೂಲಕ ಬರುವ ಕಂಪನದ್ದೂ ಇರಬಹುದು.

ಹೋಟೆಲಿನ ಅಡುಗೆಮನೆಯ ಹೊಗೆ ಹೊರಹಾಕಲು ಟೆರೇಸಿನ ಮೇಲಿಟ್ಟ ಬ್ಲೋವರನ್ನೇ ತೆಗೆದುಕೊಳ್ಳಿ. ಫ್ಯಾನು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 24. ಕೆಳಗೆ ರಬ್ಬರ್ ಪ್ಯಾಡ್, ಭಾರಕ್ಕೆ 1 ಮಿಲಿಮೀಟರ್ ತಗ್ಗಿದೆ. ದೂರು ಬಂದಾಗ ಮಾಲೀಕ ವಿಎಫ್‌ಡಿ (ಮೋಟಾರಿನ ವೇಗ ಹೊಂದಿಸುವ ಸಾಧನ) ಹಾಕಿಸಿ ವೇಗವನ್ನು ಶೇ. 20 ಇಳಿಸುತ್ತಾನೆ. ಒಳ್ಳೆಯ ಕೆಲಸವೇ: ಫ್ಯಾನಿನ ಸದ್ದು 5 ಡೆಸಿಬೆಲ್‌ನಷ್ಟು ಇಳಿಯುತ್ತದೆ, ಕರೆಂಟು ಬಿಲ್ಲೂ ಇಳಿಯುತ್ತದೆ. ಆದರೆ ಪಕ್ಕದ ಮನೆಯ ಮಂಚ ಮೊದಲಿಗಿಂತ ಹೆಚ್ಚು ನಡುಗುತ್ತದೆ. 1 ಮಿಲಿಮೀಟರ್ ತಗ್ಗಿದ ಪ್ಯಾಡಿನ ಸ್ವಂತ ಕಂಪನ, ಅಂದರೆ ತಟ್ಟಿ ಬಿಟ್ಟರೆ ತಾನಾಗಿ ಅದುರುವ ವೇಗ, ಸೆಕೆಂಡಿಗೆ ಸುಮಾರು 16; ಫ್ಯಾನಿನ ವೇಗ ಇದಕ್ಕೆ ಹತ್ತಿರವಾದಷ್ಟೂ ನಡುಕ ಹೆಚ್ಚು. ಫ್ಯಾನು 24ರಲ್ಲಿ ಓಡುವಾಗ ಮುಕ್ಕಾಲು ಪಾಲು ಬಲ ಸ್ಲ್ಯಾಬಿಗೆ ಇಳಿಯುತ್ತಿತ್ತು. 19ಕ್ಕೆ ಇಳಿಸಿದ್ದರಿಂದ ಅದು 16ರ ಹತ್ತಿರ ಬಂತು, ಈಗ ಇಳಿಯುವುದು ಫ್ಯಾನು ಹುಟ್ಟಿಸುವ ಬಲದ ಎರಡು ಪಟ್ಟು. ಮಾಲೀಕನಿಗೆ ಮೀಟರಲ್ಲಿ ಇಳಿಕೆ ಕಾಣುತ್ತದೆ, ನೆರೆಯವರಿಗೆ ಏರಿಕೆ ಮೈಗೆ ತಾಗುತ್ತದೆ. ಜಗಳ ಅಲ್ಲಿಂದ ಕೋರ್ಟಿಗೂ ಹೋಗಬಹುದು.

25 ಮಿಲಿಮೀಟರ್ ತಗ್ಗುವ ಸ್ಪ್ರಿಂಗ್ ಹಾಕಿದರೆ ಸ್ವಂತ ಕಂಪನ 3ರ ಆಸುಪಾಸಿಗೆ ಬರುತ್ತದೆ, ಆಗ 19ರಲ್ಲಿ ಓಡಿದರೂ ದಾಟುವುದು ಶೇ. 3ರಷ್ಟು. ಸ್ಪ್ರಿಂಗನ್ನು ಸ್ಲ್ಯಾಬಿನ ನಡುವೆ ಇಡದೆ ಬೀಮ್ ಅಥವಾ ಕಂಬದ ಮೇಲಿಡಿ. ಡಕ್ಟಿಗೂ ಬ್ಲೋವರಿಗೂ ನಡುವೆ ಕ್ಯಾನ್ವಾಸ್ ತೋಳು ಇರಲಿ, ಅದು ಸಡಿಲವಾಗಿರಲಿ. ಡಕ್ಟಿನ ಕ್ಲ್ಯಾಂಪನ್ನು ಪಕ್ಕದವರ ಜೊತೆ ಹಂಚಿಕೊಂಡ ಗೋಡೆಗೆ ಬೋಲ್ಟ್ ಮಾಡಿದ್ದರೆ ಸ್ಪ್ರಿಂಗಿಗೆ ಕೊಟ್ಟ ದುಡ್ಡೆಲ್ಲ ಆ ಬೋಲ್ಟಿನ ಮೂಲಕವೇ ಆಚೆ ಹೋಗುತ್ತದೆ.