ಆ ಕಾಲದ ಹುಡುಗಿಗೆ ಕೊಲೆ ಪತ್ತೆ ಮಾಡೋಕೆ ಆಗ್ತಿತ್ತಾ?

ಭಾನುವಾರ ನಮ್ಮ ಮನೆಗೆ ಪುಸ್ತಕ ಒಯ್ಯಲು ಬರುವ ಹೈಸ್ಕೂಲು ಮಕ್ಕಳಿಗೆ ನಾನು ಮೊದಲು ಕೊಡುವುದು ಫಿಲಿಪ್ ಪುಲ್‌ಮನ್ ಅವರ ‘ದಿ ರೂಬಿ ಇನ್ ದಿ ಸ್ಮೋಕ್’. 1985ರಲ್ಲಿ ಬಂದ ಕಾದಂಬರಿ. ಕಥೆ ನಡೆಯುವುದು 1872ರ ಲಂಡನ್ನಿನಲ್ಲಿ. ಅಪ್ಪ ಸಮುದ್ರದ ಪಾಲಾಗಿದ್ದಾನೆ. 16 ವರ್ಷದ ಮಗಳು ಸ್ಯಾಲಿ ಆ ಸಾವಿನ ಬೆನ್ನು ಹತ್ತುತ್ತಾಳೆ. ಪುಸ್ತಕ ಮನೆ ಸೇರಿದ ಮೇಲೆ ಅಪ್ಪ ಅಮ್ಮಂದಿರು ತಪ್ಪದೆ ಕೇಳುವ ಪ್ರಶ್ನೆ ಒಂದೇ: "ವಿಕ್ಟೋರಿಯಾ ರಾಣಿ ಕಾಲದಲ್ಲಿ ಹುಡುಗಿಯರು ಒಬ್ಬರೇ ಆಚೆ ಹೋಗೋದೇ ಕಷ್ಟ. ಕೊಲೆ ಪತ್ತೆ ಮಾಡೋದು ಅಂದ್ರೆ ನಂಬೋ ಮಾತಾ?"

ಅವರ ಅನುಮಾನ ಸರಿಯಾಗಿಯೇ ಇದೆ. 1842ರಲ್ಲಿ ಲಂಡನ್ ಪೊಲೀಸರು ಪತ್ತೇದಾರಿ ವಿಭಾಗ ಶುರು ಮಾಡಿದಾಗ ಅಲ್ಲಿದ್ದವರು ಎಂಟೇ ಜನ, ಎಲ್ಲರೂ ಗಂಡಸರು. ಆದರೂ ನನ್ನ ಉತ್ತರ, ನಂಬಬಹುದು ಅಂತಲೇ. ಯಾಕೆ ಅಂತ ಹೇಳೋಕೆ ಒಂದು ನಿಜವಾದ ಕೇಸನ್ನೇ ಹೇಳಬೇಕು.

1860ರ ಜೂನ್ ಕೊನೆ. ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯ ದೊಡ್ಡ ಮನೆಯಲ್ಲಿ, ಇನ್ನೂ ನಾಲ್ಕು ತುಂಬದ ಗಂಡು ಮಗುವಿನ ಕೊಲೆಯಾಯಿತು. ಸ್ಥಳೀಯ ಪೊಲೀಸರಿಗೆ ತಲೆಬುಡ ತಿಳಿಯಲಿಲ್ಲ. ಲಂಡನ್ನಿನಿಂದ ಜೊನಾಥನ್ ವಿಚರ್ ಎಂಬ ಹೆಸರಾಂತ ಪತ್ತೇದಾರ ಬಂದ. ಅವನು ಹಿಡಿದು ಕೂತಿದ್ದು ಒಂದು ಬಟ್ಟೆ ಲೆಕ್ಕವನ್ನು. ಮಗುವಿನ ಮಲ ಅಕ್ಕ, ಅಂದರೆ ಅಪ್ಪನ ಮೊದಲ ಹೆಂಡತಿಯ ಮಗಳು, ಕಾನ್‌ಸ್ಟನ್ಸ್‌ಗೆ 16 ವರ್ಷ. ಅವಳ ಬಟ್ಟೆಗಳ ಪಟ್ಟಿಯಲ್ಲಿ ಮೂರು ನೈಟ್‌ಗೌನ್ ಇದ್ದವು. ಕೈಗೆ ಸಿಕ್ಕಿದ್ದು ಎರಡೇ.

ಕೊಲೆಯಾದ ಮೇಲಿನ ಸೋಮವಾರ ಮನೆಗೆಲಸದ ಸಾರಾ ಕಾಕ್ಸ್ ಒಗೆಯಲು ಕೊಡುವ ಬಟ್ಟೆಗಳನ್ನು ಎಣಿಸಿ ಬುಟ್ಟಿಗೆ ತುಂಬಿದ್ದಳು. ಕಾನ್‌ಸ್ಟನ್ಸ್‌ಳ ನೈಟ್‌ಗೌನ್ ಒಂದನ್ನು ಅದರಲ್ಲಿ ಹಾಕಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಅಷ್ಟರಲ್ಲಿ ಕಾನ್‌ಸ್ಟನ್ಸ್ ಬಂದು, ಲಂಗದ ಜೇಬಿನಲ್ಲಿ ನನ್ನ ಪರ್ಸ್ ಇದೆಯಾ ನೋಡು ಅಂದಳು. ಆಮೇಲೆ, ಒಂದು ಲೋಟ ನೀರು ತಂದುಕೊಡು ಅಂದಳು. ಸಾರಾ ಹೋಗಿ ಬರುವಷ್ಟು ಹೊತ್ತು ಬುಟ್ಟಿಯ ಹತ್ತಿರ ಕಾನ್‌ಸ್ಟನ್ಸ್ ಒಬ್ಬಳೇ. ಬುಟ್ಟಿ ಒಗೆಯುವವಳ ಮನೆ ಸೇರಿದಾಗ ನೈಟ್‌ಗೌನ್ ಇರಲಿಲ್ಲ. ರಕ್ತ ಹತ್ತಿದ ಗೌನನ್ನು ಹಾಳು ಮಾಡಿ, ಆ ಕೊರತೆಯನ್ನು ಒಗೆಯುವವಳ ತಲೆಗೆ ಕಟ್ಟಲು ಬುಟ್ಟಿಯಿಂದ ಇನ್ನೊಂದನ್ನು ಎತ್ತಿಕೊಂಡಿದ್ದಾಳೆ ಎಂಬುದು ವಿಚರ್‌ನ ಲೆಕ್ಕ.

ಯಾರೂ ಒಪ್ಪಲಿಲ್ಲ. ಸಾಕ್ಷಿ ಸಾಲದು ಎಂದು ಹುಡುಗಿಯನ್ನು ಬಿಟ್ಟರು. ದೊಡ್ಡ ಮನೆತನದ ಹುಡುಗಿಯ ಒಳ ಉಡುಪಿನ ಬಗ್ಗೆ ವಿಚರ್‌ನಂಥ ಒಬ್ಬ ತೋಟಗಾರನ ಮಗ ವಿಚಾರಣೆ ಮಾಡುವುದೇ ಅಸಹ್ಯ ಅನಿಸಿತು ಜನಕ್ಕೆ. ಐದು ವರ್ಷ ಕಳೆದ ಮೇಲೆ, 1865ರಲ್ಲಿ, ಕಾನ್‌ಸ್ಟನ್ಸ್ ತಾನೇ ಕೊಂದೆ ಎಂದು ಒಪ್ಪಿಕೊಂಡಳು.

ಈಗ ಯೋಚಿಸಿ. ಈ ಪತ್ತೆಗೆ ಬೇಕಾದದ್ದೆಲ್ಲ ಇದ್ದಿದ್ದು ಬುಟ್ಟಿಯಲ್ಲಿ, ಬಟ್ಟೆ ಲೆಕ್ಕದಲ್ಲಿ, ಕೆಲಸದವಳ ನೆನಪಿನಲ್ಲಿ. ಪೊಲೀಸ್ ಅಧಿಕಾರಿ ಬಾಯಿಬಿಟ್ಟು ಕೇಳಿದರೆ ಮನೆ ಮರ್ಯಾದೆ ಹೋಯಿತು ಅನ್ನುತ್ತಿದ್ದರು. ಅದೇ ಮನೆಯ ಇನ್ನೊಬ್ಬ ಹುಡುಗಿ ಬುಟ್ಟಿಯ ಪಕ್ಕ ನಿಂತು ಎಣಿಸಿದ್ದರೆ ಯಾರೂ ತಿರುಗಿ ಕೂಡ ನೋಡುತ್ತಿರಲಿಲ್ಲ. ಇಂಥ ಜಾಗಗಳು ಆ ಕಾಲದಲ್ಲಿ ಬೇಕಾದಷ್ಟಿದ್ದವು. 1851ರ ಕಾನೂನಿನ ಪ್ರಕಾರ ಪಾಷಾಣ (ಆರ್ಸೆನಿಕ್ ಎಂಬ ವಿಷ) ಮಾರುವ ಅಂಗಡಿಯವನು ಕೊಂಡವರ ಹೆಸರು, ಯಾತಕ್ಕೆ ಕೊಂಡರು ಎಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕಿತ್ತು. ಬಿಳಿ ಪುಡಿ ಸಕ್ಕರೆ ಹಿಟ್ಟಿನ ಹಾಗೆ ಕಾಣಬಾರದೆಂದು ಅದಕ್ಕೆ ಮಸಿಯನ್ನೋ ನೀಲಿಯನ್ನೋ ಬೆರೆಸಬೇಕಿತ್ತು. ಅಡುಗೆಮನೆಯ ಪಾತ್ರೆಯಲ್ಲಿ ಬಣ್ಣ ಕಂಡರೆ ಮೊದಲು ಗೊತ್ತಾಗುತ್ತಿದ್ದದ್ದು ಯಾರಿಗೆ ಹೇಳಿ?

ಸ್ಯಾಲಿ ನನಗೆ ಇಷ್ಟವಾಗುವುದೂ ಇದಕ್ಕೇ. ಅವಳಿಗೆ ಫ್ರೆಂಚ್ ಬರಲ್ಲ, ಸಂಗೀತ ಬರಲ್ಲ. ಅಪ್ಪ ಕಲಿಸಿದ್ದು ಜಮಾಖರ್ಚು, ಷೇರುಪೇಟೆ, ಬಂದೂಕು, ಒಂದಷ್ಟು ಹಿಂದೂಸ್ತಾನಿ. ಮುಳುಗುತ್ತಿರುವ ಫೋಟೋ ಸ್ಟುಡಿಯೋದ ಲೆಕ್ಕದ ಪುಸ್ತಕವನ್ನು ಅವಳು ಸರಿ ಮಾಡಲು ಕೂರುವ ಭಾಗವನ್ನು ನಾನು ಎಷ್ಟು ಸಲ ಓದಿದ್ದೇನೋ. ಇದೇ ಬಗೆಯ ಬೇರೆ ಎಷ್ಟೋ ಪುಸ್ತಕಗಳಲ್ಲಿ ನಾಯಕಿ ಇವತ್ತಿನ ಹುಡುಗಿಯ ಹಾಗೇ ಮಾತಾಡಿಕೊಂಡು, ರಾತ್ರಿಯೆಲ್ಲ ಬೀದಿ ಸುತ್ತುತ್ತಾಳೆ. ಯಾರೂ ಏನೂ ಅನ್ನಲ್ಲ. ಅಂಥವನ್ನು ನಾನು ಕೊಡಲ್ಲ.

ಪ್ರಶ್ನೆಯ ಬಾಲಕ್ಕೆ ಇನ್ನೊಂದು ಸೇರಿಕೊಂಡಿರುತ್ತದೆ: "ಕಥೇಲಿ ಅಫೀಮು ಬರುತ್ತಂತೆ, ಮಕ್ಕಳಿಗೆ ಬೇಕಾ?" ಬೇಕು. ಚೀನಾಕ್ಕೆ ಹೋಗುತ್ತಿದ್ದ ಅಫೀಮು ಬೆಳೆಯುತ್ತಿದ್ದದ್ದು ನಮ್ಮ ದೇಶದಲ್ಲೇ. ಬಿಹಾರದ ಕಡೆಯ ರೈತರು ಬೆಳೆದದ್ದನ್ನು ಪಟ್ನಾ, ಗಾಜಿಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಉಂಡೆ ಕಟ್ಟಿ, ಕಲ್ಕತ್ತಾದಲ್ಲಿ ಹರಾಜು ಹಾಕುತ್ತಿದ್ದರು. ಆ ದುಡ್ಡು ಲಂಡನ್ನಿನ ಯಾವ ಯಾವ ಬೀದಿಯಲ್ಲಿ ಏನೇನು ಮಾಡಿತು ಅಂತ ಸ್ಯಾಲಿಯ ಜೊತೆ ನಡೆದುಕೊಂಡು ಹೋದರೆ ಒಂಬತ್ತನೇ ಕ್ಲಾಸಿನ ಹುಡುಗಿಗೂ ಅರ್ಥವಾಗುತ್ತದೆ. ಹೋದ ತಿಂಗಳು ಒಬ್ಬಳು ಪುಸ್ತಕ ವಾಪಸ್ ಕೊಡುತ್ತಾ, "ಆಂಟಿ, ಗಾಜಿಪುರ ಎಲ್ಲಿದೆ ತೋರಿಸಿ" ಅಂದಳು. ಇಬ್ಬರೂ ನೆಲದ ಮೇಲೆ ಅಟ್ಲಾಸ್ ಹರಡಿಕೊಂಡು ಕೂತೆವು.