ಒಂದೇ ಮಂಡಿಯ ಊತ

2024 ಜುಲೈ 9, ಮಂಗಳವಾರ

ಒಂದೇ ಮಂಡಿ, ತಿಂಗಳುಗಟ್ಟಲೆ ಊತ. ಕಾರಣ ಕೀಲಿನೊಳಗಿನ ಫಂಗಸ್ ಸೋಂಕೂ ಇರಬಹುದು. ಜ್ವರವಿಲ್ಲ, ಮುಟ್ಟಿದರೆ ತುಸು ಬೆಚ್ಚಗೆ. ಉರಿಯೂತ ತೋರಿಸುವ ರಕ್ತಪರೀಕ್ಷೆ ಇಎಸ್‌ಆರ್ ಏರಿದೆ, ಸಂಧಿವಾತ ಹುಡುಕುವ ಆರ್‌ಎ ಫ್ಯಾಕ್ಟರ್ ನೆಗೆಟಿವ್. ಇಂಥ ಮಂಡಿಗೆ ‘ಸೀರೋನೆಗೆಟಿವ್ ಸಂಧಿವಾತ’ (ರಕ್ತಪರೀಕ್ಷೆಗೆ ಸಿಗದ ಸಂಧಿವಾತ) ಅಂತ ಹೆಸರಿಟ್ಟು ಸ್ಟೀರಾಯ್ಡ್ ಚುಚ್ಚಿಬಿಡುತ್ತಾರೆ. ಕೆಲವು ದಿನ ಊತ ಇಳಿಯುವುದೂ ಉಂಟು. ಮೋಸ ಹೋಗುವುದು ಅಲ್ಲೇ. ಇಳಿದದ್ದು ಉರಿಯೂತ, ಫಂಗಸ್ ಒಳಗೇ ಇದೆ, ಅದನ್ನು ಹಿಡಿದಿಟ್ಟಿದ್ದ ರೋಗನಿರೋಧಕ ಶಕ್ತಿಯೂ ಕುಗ್ಗಿದೆ. ಆಮೇಲೆ ರೋಗನಿರೋಧಕ ಶಕ್ತಿ ತಗ್ಗಿಸುವ ಮೆಥೋಟ್ರೆಕ್ಸೇಟ್, ಅದಕ್ಕೂ ಬಗ್ಗದಿದ್ದರೆ ಉರಿಯೂತ ಎಬ್ಬಿಸುವ ಟಿಎನ್‌ಎಫ್ ಪ್ರೋಟೀನನ್ನು ತಡೆಯುವ ಇಂಜೆಕ್ಷನ್. ಅಷ್ಟರಲ್ಲಿ ಎಕ್ಸ್‌ರೇಯಲ್ಲಿ ಮೂಳೆ ಸವೆದಿರುತ್ತದೆ, ಆ ಸವೆತವೂ ಸಂಧಿವಾತದ ಲೆಕ್ಕಕ್ಕೇ ಹೋಗುತ್ತದೆ.

ಸ್ಟೀರಾಯ್ಡಿಗೆ ಮೊದಲು ಕೇಳಬೇಕಾದ್ದು: ತೋಟದ ಕೆಲಸವೇ, ಮುಳ್ಳು ಚುಚ್ಚಿತ್ತೇ? ಮಣ್ಣು, ಮುಳ್ಳು, ಕೊಳೆತ ಹುಲ್ಲಿನಲ್ಲಿ ಸ್ಪೋರೋಥ್ರಿಕ್ಸ್ ಎಂಬ ಫಂಗಸ್ ಇರುತ್ತದೆ. ಹಿಮಾಚಲದ ಕಾಂಗ್ರಾ ಕಡೆ ಇದು ಚರ್ಮದ ಕಾಯಿಲೆಯಾಗಿ ಪರಿಚಿತ. ಆದರೆ ಕೀಲಿಗೆ ಇಳಿದಾಗ ಚರ್ಮದಲ್ಲಿ ಗಾಯ ಕಾಣಲೇಬೇಕೆಂದಿಲ್ಲ. ಅಮೆರಿಕದ ಅರಿಜೋನಾದಲ್ಲಿ ಇದ್ದು ಬಂದವರಾದರೆ ಅಲ್ಲಿನ ಮಣ್ಣಿನ ಫಂಗಸ್ ಕಾಕ್ಸಿಡಿಯಾಯ್ಡಿಸ್ ನೆನಪಾಗಬೇಕು, ಅದಕ್ಕೂ ಮಂಡಿಯೇ ಇಷ್ಟ. ಆ ಅನುಮಾನವಿದ್ದರೆ ಲ್ಯಾಬಿಗೆ ಮುಂಚೆಯೇ ತಿಳಿಸಿ. ಫಂಗಸ್ ಬೆಳೆದ ಪ್ಲೇಟ್ ತೆರೆದರೆ ಅದರ ಕಣಗಳು ಅಲ್ಲಿನವರ ಉಸಿರಿಗೆ ಸೇರುತ್ತವೆ.

ಕೀಲಿನ ನೀರು ತೆಗೆದು ‘ಕಲ್ಚರ್’ (ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಅಂತಷ್ಟೇ ಬರೆದು ಕಳಿಸಿದರೆ ಬ್ಯಾಕ್ಟೀರಿಯಾ ಮಾತ್ರ ನೋಡಿ, ಸುಮಾರು 5 ದಿನಕ್ಕೆ ‘ಬೆಳವಣಿಗೆ ಇಲ್ಲ’ ಅಂತ ವರದಿ ಬರುತ್ತದೆ. ಚೀಟಿಯಲ್ಲಿ ಬಿಡಿಸಿ ಬರೆಯಿರಿ: ‘ಫಂಗಲ್ ಕಲ್ಚರ್, 4 ವಾರ ಇಡಿ.’ ನೀರಿಗಿಂತ ಕೀಲಿನ ಒಳಪೊರೆಯ ತುಂಡಿನಲ್ಲಿ ಸಿಗುವ ಸಾಧ್ಯತೆ ಹೆಚ್ಚು, ಹಾಗಾಗಿ ಅನುಮಾನ ಉಳಿದರೆ ಬಯಾಪ್ಸಿ.

ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ, ಹೊಟ್ಟೆ ಉರಿಯುತ್ತದೆ: ಆಪರೇಷನ್ ಥಿಯೇಟರಿನಿಂದ ಇಡೀ ತುಂಡು ಕೆಡದಂತೆ ಇಡುವ ದ್ರಾವಣದ, ಅಂದರೆ ಫಾರ್ಮಲಿನ್ ಡಬ್ಬಿಯಲ್ಲಿ ಬರುತ್ತದೆ. ಫಾರ್ಮಲಿನ್‌ಗೆ ಬಿದ್ದ ಫಂಗಸ್ ಸತ್ತಂತೆಯೇ, ಕಲ್ಚರ್‌ನಲ್ಲಿ ಏನೂ ಬೆಳೆಯದು. ಅರ್ಧ ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ, ಫಂಗಸ್ ಎದ್ದು ಕಾಣಿಸುವ ಪಿಎಎಸ್ ಮತ್ತು ಜಿಎಂಎಸ್ ಬಣ್ಣ ಹಾಕಲು ಕೇಳಿ. ಇನ್ನರ್ಧ ಬರೀ ಸ್ಟೆರೈಲ್ ಸಲೈನ್‌ನಲ್ಲಿ ಮೈಕ್ರೋಬಯಾಲಜಿಗೆ. ಒಂದೇ ಕೀಲು ಊದುವುದರಲ್ಲಿ ನಮ್ಮಲ್ಲಿ ಟಿಬಿಯೂ ಇದೆ, ಅದೇ ತುಂಡಿನಲ್ಲಿ ಅದನ್ನೂ ನೋಡಿಸಿ.

ಸಿಕ್ಕಿದ್ದು ಕ್ಯಾಂಡಿಡಾ ಎಂಬ ಫಂಗಸ್ ಆದರೆ ಕೀಲನ್ನು ತೊಳೆಯಲೇಬೇಕು, ಜೊತೆಗೆ ಫಂಗಸ್ ಔಷಧಿ ಫ್ಲುಕೋನಜೋಲ್ ದಿನಕ್ಕೆ 400 ಮಿಗ್ರಾಂ, 6 ವಾರ. ಸ್ಪೋರೋಥ್ರಿಕ್ಸ್‌ಗೆ ಇಟ್ರಾಕೊನಜೋಲ್ 200 ಮಿಗ್ರಾಂ ದಿನಕ್ಕೆರಡು ಸಲ, ಕಡಿಮೆಯೆಂದರೂ 12 ತಿಂಗಳು. ಕ್ಯಾಪ್ಸೂಲ್ ಊಟದ ಜೊತೆಗೇ. ಹೊಟ್ಟೆಯಲ್ಲಿ ಆಮ್ಲ ಇದ್ದರೇ ಅದು ಕರಗುವುದು. ನೋವಿನ ಮಾತ್ರೆಯ ಜೊತೆ ರೂಢಿಯಂತೆ ಬರೆದ, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಹಳೇ ಚೀಟಿಯಲ್ಲಿ ಇನ್ನೂ ಉಳಿದಿದೆಯೇ, ನೋಡಿ.