30 ಮೈಕ್ರಾನ್ ಮುಟ್ಟಿತು, ಪೌಡರ್ ಅಂಗಡಿಯವ್ರಿಗೆ ದೊಡ್ಡ ನಮಸ್ಕಾರ

ಕಲ್ಲನ್ನ ಬೆಳಕು ಹಾಯೋಷ್ಟು ತೆಳ್ಳಗೆ, 30 ಮೈಕ್ರಾನ್‌ಗೆ (ಮಿಲಿಮೀಟರ್‌ನ ನೂರರಲ್ಲಿ ಮೂರು ಭಾಗ) ತಿಕ್ಕಿ ಮೈಕ್ರೋಸ್ಕೋಪಲ್ಲಿ ನೋಡೋ ಸ್ಲೈಡ್ ಮಾಡ್ತಿದ್ದೆ, ಕೊನೆಗೂ ಅದರಲ್ಲಿರೋ ಬೆಣಚು (ಕ್ವಾರ್ಟ್ಜ್) ಬೂದಿ ಬಣ್ಣಕ್ಕೆ ಬಂತು ಕಣ್ರೀ! ಕಲ್ಲೇನು ವಿಶೇಷದ್ದಲ್ಲ, ಮೈಸೂರಲ್ಲಿ ಮನೆ ಕಟ್ಟೋ ಸೈಟ್ ಮುಂದೆಲ್ಲ ಸುರಿದಿರ್ತಾರಲ್ಲ ಜಲ್ಲಿ, ಕಪ್ಪು ಬಿಳಿ ಪಟ್ಟೆ ಇರೋ ನೈಸ್ (gneiss) ಅನ್ನೋ ಕಲ್ಲು, ಅದೇ. ಈ ಕಡೆ ನೈಸ್ ಅಂದ್ರೆ ಬಹುಪಾಲು 300 ಕೋಟಿ ವರ್ಷದ ಆಸುಪಾಸಿನದು, ನಾವು ಅದನ್ನ ಲೋಡ್ ಲೆಕ್ಕದಲ್ಲಿ ಮೋಲ್ಡಿಂಗ್‌ಗೆ ಹಾಕ್ತೀವಿ. ಕೊಯ್ದಿದ್ದು, ಒಂದು ಮೈ ತಿಕ್ಕಿದ್ದು, ಎಪಾಕ್ಸಿ ಅಂಟು ಹಾಕಿ ಗಾಜಿನ ಸ್ಲೈಡ್‌ಗೆ ಅಂಟಿಸಿದ್ದು ಎಲ್ಲ ಮಾಮೂಲಿ, ಬಿಡಿ. ತಲೆ ಕೆಡಿಸಿದ್ದು ಕೊನೇ ತಿಕ್ಕಾಟ.

ಎಷ್ಟು ತೆಳ್ಳಗಾಯ್ತು ಅಂತ ಬಣ್ಣದಲ್ಲೇ ಗೊತ್ತಾಗತ್ತೆ. ಹಳೇ ಎಲ್‌ಸಿಡಿ ಮಾನಿಟರ್‌ನಿಂದ ಕಿತ್ತ ಎರಡು ಪೋಲರಾಯ್ಸರ್ ಹಾಳೆ (ಒಂದೇ ದಿಕ್ಕಿಗೆ ಕಂಪಿಸೋ ಬೆಳಕನ್ನಷ್ಟೇ ಬಿಡೋದು) ಅಡ್ಡಡ್ಡ ಇಟ್ಟು, ಮಧ್ಯ ಸ್ಲೈಡ್ ಇಟ್ಟು ನೋಡಿದ್ರೆ ಬೆಣಚು 60 ಮೈಕ್ರಾನ್‌ನಲ್ಲಿ ಕೆಂಪು-ನೇರಳೆ, 50ರಲ್ಲಿ ಹಳದಿ-ಕಿತ್ತಳೆ, 30ಕ್ಕೆ ಬೂದು-ಬಿಳಿ. ನಂದು ಹಳದಿ ಮಾಸ್ತಾ ಮಾಸ್ತಾ ಬರ್ತಿತ್ತು, ಇನ್ನೇನು ಆಯ್ತು ಅನ್ನೋಷ್ಟರಲ್ಲಿ ಒಂದು ಮೂಲೆ ಪರ್ರ್ ಅಂತ ಎದ್ದು ಹೋಗೋದು, ಮೊದಲು ಕಪ್ಪು ಕಾಗೆಬಂಗಾರ, ಅದರ ಹಿಂದೇನೇ ಫೆಲ್ಡ್‌ಸ್ಪಾರ್ ಅನ್ನೋ ಖನಿಜ. ಎಪಾಕ್ಸಿ ಬದಲಾಯಿಸ್ದೆ, ತಿಕ್ಕೋ ಗಾಜು ಬದಲಾಯಿಸ್ದೆ, ಊಹೂಂ. ಕೊನೆಗೆ ತಿಕ್ಕೋಕೆ ಅಂಗಡಿಯಿಂದ ತಂದ 600 ಗ್ರಿಟ್ (ಈ ಅಂಕಿ ದೊಡ್ಡದಾದಷ್ಟು ಕಾಳು ನುಣ್ಣಗೆ) ಸಿಲಿಕಾನ್ ಕಾರ್ಬೈಡ್ ಪೌಡರನ್ನೇ ಒಂದು ಚಿಟಿಕೆ ಮೈಕ್ರೋಸ್ಕೋಪ್ ಕೆಳಗೆ ಇಟ್ಟೆ. 10 ಮೈಕ್ರಾನ್ ಆಸುಪಾಸಿನ ಕಾಳುಗಳ ಮಧ್ಯ 60 ಮೈಕ್ರಾನ್ ಗುಂಡುಗಳು ಆರಾಮಾಗಿ ಕೂತಿವೆ! ಕಲ್ಲಿನ ಪದರವೇ 30, ಅದರ ಕೆಳಗೆ ಅದಕ್ಕಿಂತ ಎರಡರಷ್ಟು ದಪ್ಪದ ಕಾಳು ಉರುಳಿದ್ರೆ ಇನ್ನೇನಾಗತ್ತೆ. ಅಂಗಡಿಗೆ ಫೋನ್ ಮಾಡಿದ್ರೆ "ಸಾರ್, ಕಂಪನಿ ಮಾಲು ಅದು" ಅಂತಾನೆ, ಯಾವ ಕಂಪನಿ ಅಂದ್ರೆ ಲೈನ್ ಕಟ್.

ಸರಿ, ಅಮ್ಮ ಅಕ್ಕಿ ಗಾಳಿಸಿ ಕಲ್ಲು ತೆಗೀತಿದ್ಲಲ್ಲ, ಅದನ್ನೇ ಬಕೆಟ್‌ನಲ್ಲಿ ಮಾಡ್ದೆ. ನೀರಲ್ಲಿ ಕಾಳು ಮುಳುಗೋ ವೇಗ ಅದರ ಗಾತ್ರದ ವರ್ಗಕ್ಕೆ (ಗಾತ್ರ × ಗಾತ್ರ) ತಕ್ಕ ಹಾಗೆ ಏರತ್ತೆ, ಸ್ಟೋಕ್ಸ್ ನಿಯಮ. ಕಾರ್ಬೈಡ್ ಸಾಂದ್ರತೆ 3.2 ಹಿಡಿದು ಲೆಕ್ಕ ಹಾಕಿದ್ರೆ 10 ಸೆಂಟಿಮೀಟರ್ ಇಳಿಯೋಕೆ 60 ಮೈಕ್ರಾನ್ ಕಾಳಿಗೆ ಅರ್ಧ ನಿಮಿಷಾನೂ ಬೇಡ, 10 ಮೈಕ್ರಾನ್‌ದಕ್ಕೆ ಹತ್ತಿರ ಹತ್ತಿರ ಕಾಲು ಗಂಟೆ ಬೇಕು. ಒಂದು ತೊಟ್ಟು ಪಾತ್ರೆ ಸೋಪು ಹಾಕಿ ಚೆನ್ನಾಗಿ ಕದಡಿ, ಒಂದೂವರೆ ನಿಮಿಷ ಕಾದು, ಮೇಲಿನ 10 ಸೆಂಟಿಮೀಟರ್ ಮಬ್ಬು ನೀರನ್ನ ಪೈಪಲ್ಲಿ ಇನ್ನೊಂದು ಬಕೆಟ್‌ಗೆ ಎಳ್ಕೊಳ್ಳಿ, 30ಕ್ಕಿಂತ ದಪ್ಪದ್ದೆಲ್ಲ ಅಷ್ಟೊತ್ತಿಗೆ ಕೆಳಗೆ ಹೋಗಿರತ್ತೆ. ಆಮೇಲೆ ರಾತ್ರಿಯೆಲ್ಲ ಬಿಟ್ಟು ಬಸಿದು ಒಣಗಿಸೋದು. ಮೊದಲ ಬಕೆಟ್‌ನಲ್ಲಿ ಸಣ್ಣದೂ ಸ್ವಲ್ಪ ತಳ ಸೇರಿರತ್ತೆ, ಅದಕ್ಕೇ ಅದನ್ನ ಇನ್ನೆರಡು ಸಲ ಕದಡಬೇಕು. ಕಾವೇರಿ ಕೆಆರ್‌ಎಸ್ ಹಿನ್ನೀರಿಗೆ ಬಂದು ನಿಧಾನ ಆದಾಗ ಮೊದಲು ಮರಳು ಬಿಟ್ಟು ನುಣ್ಣನೆ ಹೂಳನ್ನ ಅಣೆಕಟ್ಟೆ ಕಡೆಗೆ ತಗೊಂಡು ಹೋಗೋದೂ ಇದೇ ಲೆಕ್ಕ.

ಆ ಪೌಡರಲ್ಲಿ ತಿಕ್ಕಿದ ಸ್ಲೈಡಲ್ಲಿ ಮೂಲೆ ನಾಲ್ಕೂ ಇದೆ, ಮೈಕ್ರೊಕ್ಲೈನ್‌ನ (ಅದೊಂದು ಬಗೆ ಫೆಲ್ಡ್‌ಸ್ಪಾರ್) ಚೌಕಳಿ ಗೆರೆ ಎಷ್ಟು ಚೆನ್ನಾಗಿ ಕಾಣತ್ತೆ ಅಂದ್ರೆ ಪಕ್ಕದ ಮನೆ ಅಂಕಲ್‌ನೂ ಕರೆದು ತೋರಿಸ್ದೆ. ಅವ್ರ ಪ್ರಶ್ನೆ ಒಂದೇ, "ಇದ್ರಲ್ಲಿ ಲಿಥಿಯಂ ಇದ್ಯಾ?" 2021ರಲ್ಲಿ ಮಂಡ್ಯ ಜಿಲ್ಲೆಲಿ 1,600 ಟನ್ ಇದೆ ಅಂತ ಸುದ್ದಿ ಆದಾಗಿಂದ ಎಲ್ರದ್ದೂ ಇದೇ ಪ್ರಶ್ನೆ.

ಮುಂದಿನದು ಆಲಿವಿನ್. ಭೂಮಿಯ ಹೊರಚಿಪ್ಪಿನ ಕೆಳಗಿರೋ ಮ್ಯಾಂಟಲ್ ಅನ್ನೋ ಪದರದ ಮೇಲಿನ ಭಾಗದ ಮುಖ್ಯ ಖನಿಜ ಅದು, ಆದ್ರೆ ನಮ್ಮ ಕಾಲ ಕೆಳಗೆ ಮ್ಯಾಂಟಲ್ ಸಿಗೋಕೆ 35 ಕಿಲೋಮೀಟರ್‌ಗಿಂತ ಹೆಚ್ಚು ಇಳೀಬೇಕು, ರಷ್ಯಾದ ಕೋಲಾದಲ್ಲಿ ಅಷ್ಟೆಲ್ಲ ಒದ್ದಾಡಿ ಕೊರೆದೇ 12,262 ಮೀಟರ್. ಮೈಸೂರಿನ ಹತ್ರ ದೊಡ್ಡಕಾನ್ಯ ಕಡೆ ಮ್ಯಾಗ್ನಸೈಟ್ ಅನ್ನೋ ಖನಿಜ ಇದ್ಯಲ್ಲ, ಅದು ಆಲಿವಿನ್ ತುಂಬಿದ ಕಲ್ಲು ಕೆಟ್ಟು ಆಗಿದ್ದು, ಆ ಕಡೆ ಕೆಡದೇ ಉಳಿದ ಒಂದು ಚೂರು ಹುಡುಕಬೇಕು. 30 ಮೈಕ್ರಾನ್‌ನಲ್ಲೂ ನೀಲಿ, ಹಸಿರು, ಗುಲಾಬಿ ಹೊಡೆಯತ್ತೆ ಅದು, ಬೆಣಚಿನ ಬೂದಿ ನೋಡಿ ನೋಡಿ ಸಾಕಾಗಿದೆ.

ಹಾಂ, ಬಕೆಟ್ ತಳದ ಗುಂಡು ಪೌಡರ್ ಎಸೀಬೇಡಿ, ಒರಟು ತಿಕ್ಕೋಕೆ 220 ಗ್ರಿಟ್ ಪೌಡರ್ ಜೊತೆ ನಡೆಯತ್ತೆ. ಬಚ್ಚಲಿಗಂತೂ ಸುರೀಲೇಬೇಡಿ, ಪೈಪಲ್ಲಿ ಗಟ್ಟಿ ಕೂತ್ರೆ ನಮ್ಮ ಏರಿಯಾ ಪ್ಲಂಬರ್ ಬರೋದು ಮುಂದಿನ ದಸರಾಗೇ.